ದಿನಾ ಮಾಡುವುದು ಬಿಟ್ಟ ಮೇಲೆ ಖುಷಿ ಬಂತು: ನನ್ನ ಅನುಭವ

ಕೃತಜ್ಞತೆಯ ಡೈರಿ (ಯಾವುದಕ್ಕೆಲ್ಲ ಋಣಿ ಎಂದು ಬರೆದಿಡುವುದು), ದಿನಕ್ಕೊಂದು ಒಳ್ಳೆ ಕೆಲಸ, ಕಡಿಮೆ ಸಾಮಾನು. ಖುಷಿಯಾಗಿರಲು ಇವನ್ನು ನೀವೂ ಒಮ್ಮೆ ಶುರು ಮಾಡಿ ಬಿಟ್ಟಿರುತ್ತೀರಿ, ಅಲ್ವಾ? ಹಾಗಾಗಿ ಪೀಠಿಕೆ ಬೇಡ. ನಾನು ಇದನ್ನೆಲ್ಲ ವಾರಕ್ಕೊಮ್ಮೆ ಮಾಡುತ್ತೇನೆ ಎಂದಾಗ 'ಇದು ಸೋಮಾರಿಗಳ ದಾರಿ' ಎಂದು ನಕ್ಕವರಿದ್ದರು. ಸುಮಾರು ಎರಡು ವರ್ಷವಾಯಿತು, ನನ್ನದು ಇನ್ನೂ ನಡೆಯುತ್ತಿದೆ. ನಕ್ಕವರ ಡೈರಿಗಳು ಈಗ ಯಾವ ಮೂಲೆಯಲ್ಲಿವೆಯೋ!

ಮೊದಮೊದಲು ನಾನೂ ದಿನಾ ರಾತ್ರಿ ಮೂರು ಸಾಲು ಬರೆಯುತ್ತಿದ್ದೆ. ಮೂರನೇ ವಾರದ ಹೊತ್ತಿಗೆ 'ಆರೋಗ್ಯ, ಮನೆಯವರು, ಕೆಲಸ' ಅಷ್ಟೇ. ಹಾಜರಿ ಪುಸ್ತಕಕ್ಕೆ ಸಹಿ ಹಾಕಿದಂತೆ. ಅದಕ್ಕೊಂದು ಆಪ್ ಬೇರೆ, ವರ್ಷದ ಚಂದಾ ಮುಂಗಡ ಕಟ್ಟಿದ್ದೆ. ಅದು ದಿನಾ ನೆನಪಿಸುತ್ತಿತ್ತು, ನಾನು ದಿನಾ ಬೈಯುತ್ತಿದ್ದೆ. ಆ ದುಡ್ಡು ಹೋಯಿತು ಅಂತಲೇ ಲೆಕ್ಕ.

ಮನೋವಿಜ್ಞಾನಿ ಸೋನ್ಯಾ ಲ್ಯುಬೊಮಿರ್ಸ್ಕಿ ತಂಡ 2005ರಲ್ಲಿ ಪ್ರಕಟಿಸಿದ ಪ್ರಯೋಗ ಆಮೇಲೆ ಕಣ್ಣಿಗೆ ಬಿತ್ತು. ವಾರಕ್ಕೊಮ್ಮೆ ಬರೆದವರ ಖುಷಿ ಹೆಚ್ಚಿತ್ತು, ವಾರಕ್ಕೆ ಮೂರು ಸಲ ಬರೆದವರದು ಹೆಚ್ಚಿರಲಿಲ್ಲ. ಒಳ್ಳೆ ಕೆಲಸದ್ದೂ ಅದೇ ಕಥೆ. ವಾರಕ್ಕೆ ಐದು ಮಾಡುವುದಿದ್ದರೆ ಐದನ್ನೂ ಒಂದೇ ದಿನ ಮಾಡಿದವರಿಗೇ ಲಾಭ.

ಅವತ್ತಿನಿಂದ ಭಾನುವಾರ ಒಂದೇ ಪುಟ. ಒಂದೇ ಷರತ್ತು: ಯಾರು, ಏನು ಮಾಡಿದರು ಎಂದು ಬಿಡಿಸಿ ಬರೆಯಬೇಕು. 'ಸಹೋದ್ಯೋಗಿಗಳು ಒಳ್ಳೆಯವರು' ಎಂದರೆ ನಡೆಯಲ್ಲ. 'ನಾನು ಕೇಳದೆಯೇ ಇಂಥವನು ನನ್ನ ಪಾಳಿ ಮಾಡಿದ' ಎಂದರೆ ನಡೆಯುತ್ತದೆ. ಒಳ್ಳೆ ಕೆಲಸಗಳಿಗೆ ಬುಧವಾರ. ಐದರಲ್ಲಿ ಎರಡು ಯಾರಿಗೂ ಗೊತ್ತಾಗಬಾರದು. ಅವನ್ನು ಹೇಗೆ ಆರಿಸುತ್ತೇನೆ ಎಂಬುದು ಮಾತ್ರ ನನ್ನ ಹತ್ತಿರವೇ ಇರಲಿ.

ಕೈ ಸುಟ್ಟಿದ್ದು ಸಾಲದಲ್ಲಿ. ದಯೆ ಅಂದುಕೊಂಡು ಪರಿಚಯದವರೊಬ್ಬರಿಗೆ ಹೆಚ್ಚುಕಡಿಮೆ ಅರ್ಧ ಸಂಬಳ ಕೊಟ್ಟೆ. ದುಡ್ಡೂ ಬರಲಿಲ್ಲ, ಮಾತೂ ನಿಂತಿತು. ಈಗ ಸಾಲ ಕೊಡುವುದೇ ಇಲ್ಲ. ಕೊಟ್ಟರೆ ಸುಮ್ನೆ ಕೊಡುತ್ತೇನೆ, ಅದೂ ಸಣ್ಣ ಮೊತ್ತ. ಮನೋವಿಜ್ಞಾನಿ ಎಲಿಜಬೆತ್ ಡನ್ ಮತ್ತು ಜೊತೆಗಾರರು 2008ರಲ್ಲಿ ಜನರಿಗೆ 5 ಇಲ್ಲವೇ 20 ಡಾಲರ್ ಕೊಟ್ಟು, ಕೆಲವರಿಗೆ ತಮಗಾಗಿ, ಕೆಲವರಿಗೆ ಬೇರೆಯವರಿಗಾಗಿ ಖರ್ಚು ಮಾಡಲು ಹೇಳಿದ್ದರು. ಬೇರೆಯವರಿಗಾಗಿ ಖರ್ಚು ಮಾಡಿದವರೇ ಸಂಜೆಗೆ ಜಾಸ್ತಿ ಖುಷಿಯಾಗಿದ್ದರು. ಐದೋ ಇಪ್ಪತ್ತೋ ಅನ್ನುವುದರಿಂದ ವ್ಯತ್ಯಾಸ ಆಗಲಿಲ್ಲ. ನನ್ನ ಜೇಬಿಗೆ ಇದು ಬಹಳ ಒಳ್ಳೆ ಸುದ್ದಿ.

ಸರಳ ಬದುಕು ಎಲ್ಲಕ್ಕಿಂತ ದುಬಾರಿಯಾಯಿತು. ಸಾಮಾನು ಕಡಿಮೆ ಮಾಡಲು ಚೆಂದದ ಡಬ್ಬಿಗಳನ್ನು ಕೊಂಡೆ, ನಗಬೇಡಿ. ಒಂದೇ ಹುಮ್ಮಸ್ಸಿನಲ್ಲಿ ಅರ್ಧ ಕಪಾಟು ಖಾಲಿ ಮಾಡಿ, ಕೆಲವನ್ನು ಮತ್ತೆ ಕೊಳ್ಳಬೇಕಾಯಿತು. ಈಗ ಬೇಡವೆನಿಸಿದ್ದನ್ನು ಪೆಟ್ಟಿಗೆಗೆ ಹಾಕಿ ತಾರೀಖು ಬರೆಯುತ್ತೇನೆ. ಆರು ತಿಂಗಳು ತೆಗೆಯದಿದ್ದರೆ ಯಾರಿಗಾದರೂ ಕೊಡುತ್ತೇನೆ. ಕೊಳ್ಳಬೇಕೆನಿಸಿದ್ದು ಒಂದು ತಿಂಗಳು ಚೀಟಿಯಲ್ಲಿರುತ್ತದೆ. ಹತ್ತರಲ್ಲಿ ಏಳೆಂಟು ಆಸೆ ಅಲ್ಲೇ ಸಾಯುತ್ತವೆ. ಕೈಖರ್ಚು ಕಾಲು ಭಾಗದಷ್ಟು ಇಳಿದಿದೆ. ಹಾಗಾಗಿ ಕಳೆದ ವರ್ಷ ಓವರ್‌ಟೈಮ್ ಬಿಟ್ಟೆ. ಬುಧವಾರದ ಸಂಜೆ ಸಿಕ್ಕಿದ್ದೇ ಹಾಗೆ.

ಮಧ್ಯೆ ಇನ್ನೊಂದು ಪ್ರಯೋಗ: ಇರುವುದನ್ನು ಎಣಿಸುವ ಬದಲು, ಅದು ಇಲ್ಲದೇ ಹೋಗಿದ್ದರೆ ಎಂದು ಬರೆಯುವುದು. ಹೆಂಡತಿ ಆ ದಿನ ಸಿಗದೇ ಹೋಗಿದ್ದರೆ ಎಂದು ಬರೆದೆ. ಕೆಲಸ ಮಾಡಿತು, ಜೋರಾಗಿಯೇ. ಆದರೆ ಪುಟ ಅವಳ ಕೈಗೆ ಸಿಕ್ಕಿತು. ಎರಡು ದಿನ ವಿವರಣೆ ಕೊಟ್ಟೆ. ಅದನ್ನು ಈಗ ಬೀಗ ಹಾಕಿದ ಡ್ರಾಯರಿನಲ್ಲಿಡುತ್ತೇನೆ.

ಥ್ಯಾಂಕ್ಸ್ ಪತ್ರ ಬರೆದು ನಾನೇ ಹೋಗಿ ಓದಿ ಹೇಳುವುದನ್ನೂ ಮಾಡಿದ್ದೇನೆ. ಆ ಅಮಲು ಸುಮಾರು ಒಂದು ತಿಂಗಳು ಇರುತ್ತದೆ, ಹಾಗಾಗಿ ಎರಡು ಮೂರು ತಿಂಗಳಿಗೊಂದು ಸಾಕು. ಮುಂದಿನ ಪತ್ರ ನನ್ನ ಸೋಮಾರಿತನಕ್ಕೆ ಅತಿ ಜೋರಾಗಿ ನಕ್ಕವನಿಗೇ. ಅವನಿಗಿನ್ನೂ ಗೊತ್ತಿಲ್ಲ.