ಹಾಲ್‌ನಲ್ಲಿ ಸದ್ದು ಮಾಡದ, ಕರೆಂಟು ಸುಡದ ಮನೆ ಸರ್ವರ್

ಮನೆಯ ಫೋಟೊ, ಹಾಡು, ಸಿನಿಮಾ ಎಲ್ಲ ಒಂದೇ ಕಡೆ ಇರಬೇಕು, ಟೀವಿಯಲ್ಲೂ ಮೊಬೈಲ್‌ನಲ್ಲೂ ಸಿಗಬೇಕು. ಅಷ್ಟಕ್ಕೆ ಮೂಲೆಯಲ್ಲಿರುವ ಹಳೇ ಡೆಸ್ಕ್‌ಟಾಪ್ ಸಾಕಲ್ವಾ ಅಂತ ತುಂಬಾ ಜನ ಕೇಳುತ್ತಾರೆ. ಕೆಲಸವೇನೋ ಆಗುತ್ತದೆ. ಆದರೆ ಅದು ಸುಮ್ನೆ ಕೂತಾಗಲೂ 60 ವ್ಯಾಟ್ ಎಳೆದರೆ ತಿಂಗಳಿಗೆ 43 ಯುನಿಟ್ ಆಯ್ತು. 10 ವ್ಯಾಟ್‌ನ ಪುಟ್ಟ ಪೆಟ್ಟಿಗೆಗೆ 7 ಯುನಿಟ್ ಸಾಕು. ಗೃಹಜ್ಯೋತಿಯ ಮಿತಿಯೊಳಗೆ ಇರಬೇಕು ಅನ್ನುವವರಿಗೆ ಈ ವ್ಯತ್ಯಾಸ ಸಣ್ಣದಲ್ಲ. ಶಿರಸಿಯ ನಮ್ಮ ಮನೆಯಲ್ಲಿ ಅಪ್ಪ ಮಲಗುವುದೇ ಟೀವಿ ಇರುವ ಹಾಲ್‌ನಲ್ಲಿ. ಹಾಗಾಗಿ ರಾತ್ರಿಯಿಡೀ ಗುಂಯ್‌ಗುಡುವ ಫ್ಯಾನ್ ನನಗೆ ಬೇಡವೇ ಬೇಡ.

ಬಿಸಿ ಕಡಿಮೆ ಇದ್ದರೆ ಫ್ಯಾನಿನ ಸದ್ದೂ ಕಡಿಮೆ. ಅದಕ್ಕೇ ಮೊದಲು ಪ್ರೊಸೆಸರ್ ನೋಡಿ. ಇಂಟೆಲ್ ಎನ್100 ಇರುವ ಮಿನಿ ಪಿಸಿ ಈ ಕೆಲಸಕ್ಕೆ ಹೇಳಿ ಮಾಡಿಸಿದ್ದು. ನಾಲ್ಕು ಕೋರ್, ಟಿಡಿಪಿ, ಅಂದರೆ ಕೆಲಸ ಮಾಡುವಾಗ ಹೊರಹಾಕುವ ಬಿಸಿಯ ಅಂದಾಜು, 6 ವ್ಯಾಟ್. ಫ್ಯಾನೇ ಇಲ್ಲದ ಮಾಡೆಲ್‌ಗಳೂ ಇವೆ. 8 ಜಿಬಿ ರ್‍ಯಾಮ್ ಧಾರಾಳ. ದುಡ್ಡು ಉಳಿಸಬೇಕು ಅಂದ್ರೆ ಬೆಂಗಳೂರಿನ ಎಸ್‌ಪಿ ರೋಡ್‌ನಲ್ಲಿ ಆಫೀಸುಗಳಿಂದ ಬಂದ ಸೆಕೆಂಡ್ ಹ್ಯಾಂಡ್ ಮಿನಿ ಪಿಸಿಗಳನ್ನು ನೋಡಬಹುದು. ಎಂಟನೇ ತಲೆಮಾರಿನ ಐ5, ಹೆಸರಿನ ಕೊನೆಗೆ 'ಟಿ' ಇರುವುದನ್ನೇ ಕೇಳಿ, ಅದು ಕರೆಂಟು ಕಡಿಮೆ ಎಳೆಯುವ ಬಗೆ. ಕೊಳ್ಳುವ ಮೊದಲು ಅಂಗಡಿಯಲ್ಲೇ ಆನ್ ಮಾಡಿಸಿ, ಬಯಾಸ್‌ಗೆ (ಪಿಸಿ ಆನ್ ಆದ ಕೂಡಲೇ ಮೊದಲು ಓಡುವ ಒಳಗಿನ ಸೆಟ್ಟಿಂಗ್) ಪಾಸ್‌ವರ್ಡ್ ಇದೆಯಾ ಅಂತ ನೋಡಿಕೊಳ್ಳಿ. ಇದ್ದರೆ ಬಿಟ್ಟುಬಿಡಿ.

ಡಿಸ್ಕ್ ವಿಷಯದಲ್ಲಿ ಮಾತ್ರ ಅವಸರ ಬೇಡ. ಆಪರೇಟಿಂಗ್ ಸಿಸ್ಟಮ್ ಒಂದು ಸಣ್ಣ ಎಸ್‌ಎಸ್‌ಡಿಯಲ್ಲಿರಲಿ. ಸಿನಿಮಾ, ಫೋಟೊಗಳಿಗೆ ಎರಡೂವರೆ ಇಂಚಿನ ಯುಎಸ್‌ಬಿ ಹಾರ್ಡ್ ಡಿಸ್ಕ್ ಒಳ್ಳೆಯದು. ಮೂರೂವರೆ ಇಂಚಿನದಕ್ಕಿಂತ ಸದ್ದು ಕಡಿಮೆ, ಬೇರೆ ಅಡಾಪ್ಟರೂ ಬೇಡ. ಒಂದು ಮಾತು ಗೊತ್ತಿರಲಿ: ಇಂಥ ಡಿಸ್ಕ್‌ಗಳು ಹೆಚ್ಚಾಗಿ ಎಸ್‌ಎಂಆರ್ ಬಗೆಯವು. ಮಾಡಿನ ಹೆಂಚಿನ ಹಾಗೆ ಡೇಟಾದ ಒಂದು ಸಾಲಿನ ಮೇಲೆ ಇನ್ನೊಂದು ಸಾಲು ಸ್ವಲ್ಪ ಏರಿ ಕೂತಿರುತ್ತದೆ. ಒಮ್ಮೆ ತುಂಬಿಸಿ ಆಮೇಲೆ ಓದುತ್ತಾ ಇರುವುದಕ್ಕೆ ತೊಂದರೆಯಿಲ್ಲ. ದಿನವೂ ಸಾವಿರಾರು ಸಣ್ಣ ಫೈಲ್ ಬರೆದು ಅಳಿಸುವ ಕೆಲಸಕ್ಕೆ ತುಂಬಾ ನಿಧಾನ.

ಡಿಸ್ಕನ್ನು ಮರದ ಕಪಾಟಿನ ಮೇಲೆ ಹಾಗೇ ಇಟ್ಟು ಹಲಗೆಯ ಮೇಲೆ ಅಂಗೈ ಇಡಿ. ಸಣ್ಣ ನಡುಕ ಕೈಗೆ ತಾಗುತ್ತದೆ. ಹಲಗೆ ಅದನ್ನೇ ದೊಡ್ಡದು ಮಾಡಿ ಕೋಣೆಗೆಲ್ಲ ಕೇಳಿಸುತ್ತದೆ. ಹಳೇ ಯೋಗಾ ಮ್ಯಾಟಿನ ಒಂದು ತುಂಡು ಕತ್ತರಿಸಿ ಅಡಿಗೆ ಹಾಕಿ, ಅಲ್ಲಿಗೆ ಮುಗೀತು. ಇಪ್ಪತ್ತು ನಿಮಿಷ ಯಾರೂ ಮುಟ್ಟದಿದ್ದರೆ ಡಿಸ್ಕ್ ತಿರುಗುವುದು ನಿಲ್ಲುವ ಹಾಗೆಯೂ ಸೆಟ್ ಮಾಡಿ. ಸಿನಿಮಾ, ಹಾಡುಗಳನ್ನು ಟೀವಿ, ಮೊಬೈಲ್‌ಗೆ ಒದಗಿಸುವ ಸಾಫ್ಟ್‌ವೇರ್ ಜೆಲ್ಲಿಫಿನ್. ಅದರ ಡೇಟಾಬೇಸ್, ಪೋಸ್ಟರ್ ಚಿತ್ರಗಳು ಎಸ್‌ಎಸ್‌ಡಿಯಲ್ಲೇ ಇರಲಿ. ಇಲ್ಲದಿದ್ದರೆ ಪಟ್ಟಿ ತೆರೆದಾಗಲೆಲ್ಲ ಡಿಸ್ಕ್ ಎದ್ದು ಕೂರುತ್ತದೆ.

ಸಾಫ್ಟ್‌ವೇರ್ ಎಲ್ಲ ಬಿಟ್ಟಿ. ಆಪರೇಟಿಂಗ್ ಸಿಸ್ಟಮ್ ಆಗಿ ಡೆಬಿಯನ್ ಎಂಬ ಲಿನಕ್ಸ್ ಹಾಕಿ, ಡೆಸ್ಕ್‌ಟಾಪ್ ಪರದೆ ಬೇಡ. ಫೈಲ್ ಹಂಚಲು ಸಾಂಬಾ, ನೋಡಲು ಕೇಳಲು ಜೆಲ್ಲಿಫಿನ್. ಡಿಸ್ಕನ್ನು ಲಿನಕ್ಸ್‌ನ ಎಕ್ಸ್‌ಟಿ4 ಬಗೆಯಲ್ಲಿ ಫಾರ್ಮ್ಯಾಟ್ ಮಾಡಿ. ಇನ್ನೊಂದು ಬಗೆಯಾದ ಎಕ್ಸ್‌ಫ್ಯಾಟ್‌ಗೆ ಜರ್ನಲ್ (ಮಾಡುವ ಬದಲಾವಣೆಯನ್ನು ಮೊದಲೇ ಗುರುತಿಟ್ಟುಕೊಳ್ಳುವ ಲೆಕ್ಕ) ಇಲ್ಲ, ಬರೆಯುವ ಹೊತ್ತಿಗೆ ಕರೆಂಟು ಹೋದರೆ ಫೈಲ್ ಕೆಡುವ ಭಯ ಜಾಸ್ತಿ. ಆಂಡ್ರಾಯ್ಡ್ ಟೀವಿಗೆ ಜೆಲ್ಲಿಫಿನ್ ಆ್ಯಪ್ ಹಾಕಿಕೊಟ್ಟರೆ ಮನೆಯವರಿಗೆ ಅವರದೇ ರಿಮೋಟ್ ಸಾಕು.

ಪಿಸಿ ಬಿಸಿಯಾಗುವುದು ವಿಡಿಯೊವನ್ನು ಓಡುತ್ತಿರುವಾಗಲೇ ಬೇರೆ ರೂಪಕ್ಕೆ ಬದಲಿಸಬೇಕಾದಾಗ. ಟೀವಿ ಫೈಲನ್ನು ಇದ್ದ ಹಾಗೇ ಓಡಿಸಿದರೆ ಸರ್ವರ್‌ಗೆ ಕೆಲಸವೇ ಇಲ್ಲ. ಆದರೆ ಬ್ಲೂರೇಯಿಂದ ಬಂದ ಚಿತ್ರರೂಪದ ಸಬ್‌ಟೈಟಲ್ ಹಾಕಿದರೆ ಎಷ್ಟೋ ಸಲ ಪೂರ್ತಿ ವಿಡಿಯೊವನ್ನೇ ಹೊಸದಾಗಿ ಹೆಣೆಯಬೇಕಾಗುತ್ತದೆ. ಬರೀ ಅಕ್ಷರಗಳಿರುವ ಎಸ್‌ಆರ್‌ಟಿ ಸಬ್‌ಟೈಟಲ್ ಇಟ್ಟುಕೊಂಡರೆ ಆ ರಗಳೆ ಇಲ್ಲ. ಆದರೂ ಜೆಲ್ಲಿಫಿನ್‌ನ ಪ್ಲೇಬ್ಯಾಕ್ ಸೆಟ್ಟಿಂಗ್‌ನಲ್ಲಿ ವಿಡಿಯೊ ಬದಲಿಸುವ ಕೆಲಸವನ್ನು ಪ್ರೊಸೆಸರಿನ ಗ್ರಾಫಿಕ್ಸ್ ಭಾಗಕ್ಕೆ ಒಪ್ಪಿಸುವ ಇಂಟೆಲ್ ಕ್ವಿಕ್‌ಸಿಂಕ್ ಆನ್ ಮಾಡಿಡಿ, ಅದನ್ನು ಬಳಸಲು ಅನುಮತಿ ಸಿಗುವ ಹಾಗೆ ಡೆಬಿಯನ್‌ನಲ್ಲಿ ಜೆಲ್ಲಿಫಿನ್ ಯೂಸರನ್ನು 'ರೆಂಡರ್' ಗ್ರೂಪಿಗೆ ಸೇರಿಸಿ.

ನಮ್ಮ ಕಡೆಯವರಿಗೆ ಎರಡು ಮಾತು. ಬಯಾಸ್‌ನಲ್ಲಿ ಕರೆಂಟು ಬಂದ ಕೂಡಲೇ ತಾನಾಗಿ ಆನ್ ಆಗುವ ಆಯ್ಕೆ ಹಾಕಿ. ಇನ್ವರ್ಟರ್ ಇದ್ದರೂ ಬದಲಾಗುವ ಕ್ಷಣದಲ್ಲಿ ಪಿಸಿ ಆಫ್ ಆಗಬಹುದು, ಅದಕ್ಕೆ ಒಂದು ಸಣ್ಣ ಯುಪಿಎಸ್ ಬೇಕು. ಯುಎಸ್‌ಬಿ ವೈರ್ ಇರುವ ಯುಪಿಎಸ್ ಆದರೆ, ಬ್ಯಾಟರಿ ಮುಗಿಯುವ ಮೊದಲೇ ಡೆಬಿಯನ್ ನೀಟಾಗಿ ಶಟ್‌ಡೌನ್ ಆಗುವ ಹಾಗೆ ಮಾಡಬಹುದು. ಗುಡುಗು ಶುರುವಾದರೆ ಮಾತ್ರ ಯಾವುದನ್ನೂ ನಂಬಬೇಡಿ. ಪ್ಲಗ್ ಜೊತೆ ಲ್ಯಾನ್ ವೈರನ್ನೂ ಕೀಳಿ, ಸಿಡಿಲು ಅದರಲ್ಲೂ ಬರುತ್ತದೆ.

ಇನ್ನು ಬ್ಯಾಕಪ್. ಸಿನಿಮಾ ಹೋದರೆ ಮತ್ತೆ ಸಿಗುತ್ತದೆ. ಆಯಿ ಹೇಳಿದ ಮದುವೆ ಹಾಡುಗಳ ಕ್ಯಾಸೆಟ್ಟುಗಳನ್ನು ನಾನು ಫ್ಲ್ಯಾಕ್ (ಗುಣಮಟ್ಟ ಕಳೆಯದ ಆಡಿಯೊ ಫೈಲ್) ಮಾಡಿ ಇಟ್ಟಿದ್ದೇನೆ, ಅವು ಇನ್ನೆಲ್ಲೂ ಸಿಗುವುದಿಲ್ಲ. ಎರಡು ಡಿಸ್ಕ್‌ಗಳಲ್ಲಿ ಒಂದೇ ಡೇಟಾ ಒಟ್ಟಿಗೆ ಬರೆಯುವ ರೇಡ್ ಮಾಡಿದ್ದೇನೆ, ಸಾಕು ಅಂತ ಕೂರಬೇಡಿ. ಒಂದರಲ್ಲಿ ಅಳಿಸಿದ್ದು ಇನ್ನೊಂದರಲ್ಲೂ ಆ ಕ್ಷಣವೇ ಅಳಿಯುತ್ತದೆ. ಬೇರೆ ಡಿಸ್ಕ್ ಒಂದಕ್ಕೆ ಆರ್‌ಸಿಂಕ್ ಎಂಬ ಕಾಪಿ ಮಾಡುವ ಪ್ರೋಗ್ರಾಂನಲ್ಲಿ ಕಾಪಿ ಮಾಡಿ, ಅದನ್ನು ಬೇರೆ ಮನೆಯಲ್ಲಿಡಿ. ನನ್ನದು ಹುಬ್ಬಳ್ಳಿಯಲ್ಲಿ ಅಕ್ಕನ ಮನೆಯಲ್ಲಿದೆ. ಹಬ್ಬಕ್ಕೆ ಅವಳು ಬರುವಾಗ ತರುತ್ತಾಳೆ. ಹೊಸದನ್ನು ಸೇರಿಸಿ, ನಾಲ್ಕಾರು ಹಾಡು ತೆರೆದು ಕೇಳಿ ನೋಡಿ, ವಾಪಸ್ ಕಳಿಸುತ್ತೇನೆ.