ಬೇಲಿಗೆ ಗಿಡ ಕೊಳ್ಳುವ ಮೊದಲು ಗುಂಡಿ ತೋಡಿ ನೋಡಿ

ಮಿರಗದ ಮಳೆ ಬಿದ್ದೊಡನೆ ಹುಬ್ಬಳ್ಳಿ–ಧಾರವಾಡದ ನರ್ಸರಿಗಳಲ್ಲಿ ಬೇಲಿ ಗಿಡಗಳಿಗೆ ಬೇಡಿಕೆ ಏರುತ್ತದೆ. ಹೆಚ್ಚಿನವರು ಹೂವಿನ ಬಣ್ಣ ನೋಡಿ ಗಿಡ ಕೊಂಡು ತರುತ್ತಾರೆ. ದೀಪಾವಳಿಯ ಹೊತ್ತಿಗೆ ಅರ್ಧ ಸಾಲು ಬುಡ ಕೊಳೆತು ಒರಗಿರುತ್ತದೆ, ಉಳಿದ ಅರ್ಧವನ್ನು ಆಡುಗಳು ಮುಗಿಸಿರುತ್ತವೆ. ಬೇಲಿಗೆ ಗಿಡ ಆರಿಸುವಾಗ ಮೊದಲು ಮಣ್ಣು, ಬಳಿಕ ದನ–ಆಡುಗಳ ಕಾಟ, ಅನಂತರ ಜಾಗದ ಅಗಲ ಇವನ್ನು ನೋಡಿ, ಹೂವಿನ ವಿಚಾರವನ್ನು ಕೊನೆಗೆ ಇಟ್ಟುಕೊಳ್ಳಬೇಕು.

ಮೊದಲ ಹಂತ: ಮಣ್ಣಿನ ಪರೀಕ್ಷೆ

ಎಲ್ಲರೂ ಎಡವುವುದು ಇಲ್ಲಿಯೇ. ಧಾರವಾಡದ ಪಶ್ಚಿಮಕ್ಕೆ ಮತ್ತು ಕಲಘಟಗಿಯ ಕಡೆ ನೀರು ಬೇಗ ಇಂಗುವ ಕೆಂಪು ಮಸಾರಿ ಮಣ್ಣು ಹೆಚ್ಚು. ಹುಬ್ಬಳ್ಳಿಯಿಂದ ಪೂರ್ವಕ್ಕೆ ನವಲಗುಂದ, ಅಣ್ಣಿಗೇರಿ, ಗದಗಿನ ಕಡೆಗೆ ಹೋದಂತೆ ನೀರು ಹಿಡಿದಿಡುವ ಕಪ್ಪು ಮಣ್ಣಿನ ಎರೆ ನೆಲವೇ ಹೆಚ್ಚು. ಆದರೆ ಹೊಸ ಬಡಾವಣೆಗಳಲ್ಲಿ ನಿವೇಶನ ಎತ್ತರಿಸಲು ಎಲ್ಲಿಂದಲೋ ಮಣ್ಣು ತಂದು ಸುರಿದಿರುವುದರಿಂದ ಊರಿನ ಮಣ್ಣನ್ನು ನಂಬಿ ಕೂರಬಾರದು. ಬೇಲಿಯ ಉದ್ದಕ್ಕೂ ಎರಡು–ಮೂರು ಕಡೆ ಒಂದೂವರೆ ಅಡಿ ಆಳದ ಗುಂಡಿ ತೋಡಿ ನೀರು ತುಂಬಿಸಬೇಕು. ಅದು ಇಂಗಿದ ಮೇಲೆ ಮತ್ತೊಮ್ಮೆ ತುಂಬಿಸಬೇಕು. ಎರಡನೆಯ ಸಲದ ನೀರು ಮರುದಿನ ಬೆಳಿಗ್ಗೆಯೂ ನಿಂತಿದ್ದರೆ, ನೀರು ನಿಲ್ಲುವುದನ್ನು ಸಹಿಸದ ಗಿಡಗಳನ್ನು ಪಟ್ಟಿಯಿಂದ ಆಗಲೇ ತೆಗೆದುಬಿಡಬೇಕು.

ಈ ಪರೀಕ್ಷೆಯನ್ನು ಏಪ್ರಿಲ್‌ನಲ್ಲಿ ಮಾಡಿದರೆ ಮೋಸಹೋಗುತ್ತೀರಿ. ಬೇಸಿಗೆಯಲ್ಲಿ ಎರೆ ನೆಲ ಆಳವಾಗಿ ಬಿರಿದಿರುತ್ತದೆಯಾದ್ದರಿಂದ ಸುರಿದ ನೀರೆಲ್ಲ ಬಿರುಕುಗಳಿಗೆ ಇಳಿದುಹೋಗಿ, ನೆಲ ಚೆನ್ನಾಗಿ ಬಸಿಯುತ್ತದೆಂಬ ಭ್ರಮೆ ಹುಟ್ಟುತ್ತದೆ. ಎರಡು ಹದಮಳೆಯಾಗಿ ಮಣ್ಣು ಉಬ್ಬಿ ಬಿರುಕು ಮುಚ್ಚಿದ ಮೇಲೆಯೇ ಅದರ ನಿಜವಾದ ಗುಣ ತಿಳಿಯುತ್ತದೆ.

ಎರೆ ನೆಲವೆಂದು ಖಾತ್ರಿಯಾದ ಮೇಲೆ ಜನರು ಮಾಡುವ ಇನ್ನೊಂದು ತಪ್ಪೆಂದರೆ, ಗುಂಡಿ ತೋಡಿ ಅದರೊಳಗೆ ಟ್ರ್ಯಾಕ್ಟರಿನಲ್ಲಿ ತರಿಸಿದ ಕೆಂಪು ಮಣ್ಣು ತುಂಬುವುದು. ಮಳೆನೀರು ಆ ಸಡಿಲ ಮಣ್ಣಿಗೆ ಸರಾಗವಾಗಿ ಇಳಿಯುತ್ತದೆ, ಆದರೆ ಸುತ್ತಲಿನ ಎರೆ ಅದನ್ನು ಹೊರಗೆ ಬಿಡುವುದಿಲ್ಲ. ಗುಂಡಿಯು ನೀರಿನ ತೊಟ್ಟಿಯಾಗಿ ಬೇರಿಗೆ ಗಾಳಿಯಾಡದೆ ಗಿಡ ಸಾಯುತ್ತದೆ. ಒಂದಿಷ್ಟು ಉಸುಕು ಬೆರೆಸಿದರೂ ಪ್ರಯೋಜನವಿಲ್ಲ. ಬದಲಾಗಿ, ಅದೇ ಎರೆ ಮಣ್ಣಿಗೆ ಚೆನ್ನಾಗಿ ಕಳಿತ ತಿಪ್ಪೆ ಗೊಬ್ಬರ ಸೇರಿಸಿ, ಬೇಲಿಯ ಗುಂಟ ಎರಡು ಅಡಿ ಅಗಲ, ಒಂದು ಅಡಿ ಎತ್ತರದ ಬದು ಹಾಕಿ, ಅದರ ನೆತ್ತಿಯ ಮೇಲೆ ಗಿಡ ನೆಡಬೇಕು.

ಎರಡನೆಯ ಹಂತ: ಗಿಡದ ಆಯ್ಕೆ

ಎರೆ ನೆಲಕ್ಕೆ ಮದರಂಗಿ ಮತ್ತು ಲಕ್ಕಿ ಒಗ್ಗುತ್ತವೆ. ದನ–ಆಡುಗಳ ಓಡಾಟವಿರುವ ಬದಿಗೆ ಆಡುಸೋಗೆಯನ್ನು ಹಾಕಬೇಕು. ಆಡು ಮುಟ್ಟದ ಸೊಪ್ಪಿಲ್ಲವೆಂಬ ಗಾದೆಗೆ ಅದೊಂದು ಅಪವಾದ. ಕಣಗಿಲೆಯನ್ನೂ ದನಗಳು ಸಾಮಾನ್ಯವಾಗಿ ಮೂಸುವುದಿಲ್ಲ, ಆದರೆ ಅದರ ಪ್ರತಿಯೊಂದು ಭಾಗವೂ ವಿಷವಾಗಿರುವುದರಿಂದ ಸಣ್ಣ ಮಕ್ಕಳಿರುವ ಮನೆಗೆ ಅದು ಬೇಡ. ಬೇಲಿಗೆ ಹಾಕುವ ಇನ್ನೊಂದು ಗಿಡ ಡುರಾಂಟಾದ ಹಳದಿ ಹಣ್ಣಿಗೂ ಇದೇ ಎಚ್ಚರಿಕೆ ಅನ್ವಯಿಸುತ್ತದೆ.

ಮಸಾರಿ ಅಥವಾ ಗರಸು (ಕಲ್ಲು ಬೆರೆತ) ನೆಲವಿದ್ದವರಿಗೆ ಕವಳಿಗಿಂತ (ಕರಂಡೆ) ಒಳ್ಳೆಯ ಬೇಲಿ ಇಲ್ಲವೆಂದೇ ನನ್ನ ಅಭಿಪ್ರಾಯ. ಅದರ ಮುಳ್ಳು ಮನುಷ್ಯರನ್ನೂ ತಡೆಯುತ್ತದೆ, ಒಮ್ಮೆ ಬೇರೂರಿದರೆ ಬೇಸಿಗೆಯಲ್ಲಿ ಹೆಚ್ಚು ನೀರು ಕೇಳುವುದಿಲ್ಲ, ಕಾಯಿ ಉಪ್ಪಿನಕಾಯಿಗೆ ಬರುತ್ತದೆ. ಬೆಳವಣಿಗೆ ನಿಧಾನವೆಂದು ನರ್ಸರಿಯವರು ಬೇರೆ ಗಿಡ ತೋರಿಸಿದರೂ ಪಟ್ಟು ಬಿಡಬೇಡಿ. ಬೇಗ ಬೆಳೆಯುತ್ತದೆಂದು ಅವರು ಹೊಗಳುವ ಕೊನೊಕಾರ್ಪಸ್ ಅನ್ನು ಗುಜರಾತ್ ಸರ್ಕಾರ 2023ರಲ್ಲೇ ನಿಷೇಧಿಸಿದೆ. ಅದರ ಬೇರು ಚರಂಡಿ ಮತ್ತು ಪೈಪುಗಳಿಗೆ ನುಗ್ಗುತ್ತದೆ. ಎರೆ ನೆಲದಲ್ಲಿ ಗೋಡೆಯ ಪಕ್ಕಕ್ಕೆ ಆಲ, ಅರಳಿಯ ಜಾತಿಯ ಗಿಡಗಳಂತೂ ಸಲ್ಲದು, ಏಕೆಂದರೆ ಅವು ನೀರು ಹೀರಿದಂತೆ ಮಣ್ಣು ಕುಗ್ಗಿ ಅಡಿಪಾಯ ಬಿರಿಯಬಹುದು. ಗಿಡ ಬೆಳೆಯುವವರೆಗೆ ಮರೆಗೆಂದು ಮಾರುವ ಪ್ಲಾಸ್ಟಿಕ್ ಎಲೆಯ ಚಾಪೆಗೆ ದುಡ್ಡು ಹಾಕಬೇಡಿ. ನಮ್ಮ ಬಿಸಿಲಿಗೆ ಅದು ಬಣ್ಣಗೆಟ್ಟು ಪುಡಿಯಾಗಿ ಅಂಗಳ ತುಂಬುತ್ತದೆ. ತೊಂಡೆಯ ಬಳ್ಳಿಯನ್ನು ತಂತಿಗೆ ಹಬ್ಬಿಸಿದರೆ ಮರೆಯೂ ಆಗುತ್ತದೆ, ಪಲ್ಯಕ್ಕೂ ಆಗುತ್ತದೆ.

ಮೂರನೆಯ ಹಂತ: ನೆಡುವುದು, ಕತ್ತರಿಸುವುದು

ಮದರಂಗಿಯನ್ನು ಒಂದು ಅಡಿಗೊಂದರಂತೆ, ಕವಳಿಯನ್ನು ಮೂರು ಅಡಿಗೊಂದರಂತೆ, ತಂತಿಯಿಂದ ಒಂದೂವರೆ ಅಡಿ ಒಳಗೆ ನೆಡಬೇಕು. ಲಕ್ಕಿ, ಆಡುಸೋಗೆಗಳಿಗೆ ಸಸಿ ಕೊಳ್ಳಬೇಕಾಗಿಲ್ಲ, ಬೇರುಬರಿಸುವ ಪುಡಿಯೂ ಬೇಕಾಗಿಲ್ಲ; ಮಳೆಗಾಲದಲ್ಲಿ ಬಲಿತ ಕಡ್ಡಿ ಊರಿದರೆ ಸಾಕು.

ಸಸಿ ಬೇರು ಹಿಡಿದು ಹೊಸ ಚಿಗುರು ಹೊರಟ ಮೇಲೆ ಅದನ್ನು ಅರ್ಧ ಅಡಿಯ ಎತ್ತರಕ್ಕೆ ಕತ್ತರಿಸಬೇಕು. ಇದಕ್ಕೆ ಬಹಳ ಮಂದಿಗೆ ಮನಸ್ಸು ಬರುವುದಿಲ್ಲ. ಹಾಗೆಯೇ ಬಿಟ್ಟ ಗಿಡ ತಲೆಯಲ್ಲಿ ಮಾತ್ರ ಹರಡಿ ಬುಡ ಬೋಳಾಗುತ್ತದೆ, ಮುಂದೆ ಎಷ್ಟು ಗೊಬ್ಬರ ಹಾಕಿದರೂ ಆ ಸಂದು ತುಂಬುವುದಿಲ್ಲ. ಮುಂದಿನ ಕತ್ತರಿಸುವಿಕೆಗಳಲ್ಲಿಯೂ ಬುಡವನ್ನು ತಲೆಗಿಂತ ಅಗಲವಾಗಿಯೇ ಉಳಿಸಿಕೊಂಡರೆ ಕೆಳಗಿನ ಎಲೆಗಳಿಗೂ ಬಿಸಿಲು ಸಿಗುತ್ತದೆ.