ಎಂಟು ಬೈಟಿನ ಒಂದು ಬರಹ: ಪರ್ಸಿಸ್ಟೆಂಟ್ ಮೆಮೊರಿಗೆ ಇಂಡೆಕ್ಸ್ ಕಟ್ಟಿದ ನನ್ನ ಅನುಭವ

ವಿದ್ಯುತ್ ಹೋದರೂ ಅಳಿಯದ ಪರ್ಸಿಸ್ಟೆಂಟ್ ಮೆಮೊರಿಯ ಮೇಲೆ ನಾನು ಕಟ್ಟಿದ ಮೊದಲ ಬಿ ಪ್ಲಸ್ ಟ್ರೀಯಲ್ಲಿ (ದಾಖಲೆಗಳನ್ನು ಬೇಗ ಹುಡುಕಿಕೊಡುವ ಮರದಂಥ ಇಂಡೆಕ್ಸ್), ಅಳಿಸಿಹಾಕಿದ್ದ ಕೀ (ದಾಖಲೆಯನ್ನು ಗುರುತಿಸುವ ಮೌಲ್ಯ) ಒಂದು ಎರಡನೆಯ ರೀಸ್ಟಾರ್ಟ್ ಆದ ಮೇಲೆ ಹುಡುಕಾಟಕ್ಕೆ ಮತ್ತೆ ಸಿಕ್ಕಿತು. ಎಲ್ಲಿಯೋ ಒಂದು ಫ್ಲಶ್, ಅಂದರೆ ಕ್ಯಾಶ್‌ನಲ್ಲಿರುವುದನ್ನು ಮೆಮೊರಿಗೆ ಕಳುಹಿಸುವ ಆದೇಶ, ಬಿಟ್ಟುಹೋಗಿರಬೇಕೆಂದು ಮೂರು ದಿನ ಕೋಡನ್ನು ಜಾಲಾಡಿದೆ. ಫ್ಲಶ್ ಒಂದೂ ಬಿಟ್ಟಿರಲಿಲ್ಲ. ತಪ್ಪು ವಿನ್ಯಾಸದಲ್ಲಿಯೇ ಇತ್ತು.

ಇಂಟೆಲ್ ಕಂಪನಿಯ ಆಪ್ಟೇನ್ ಮಾಡ್ಯೂಲ್‌ಗಳು 2019ರಲ್ಲಿ ಮಾರುಕಟ್ಟೆಗೆ ಬಂದಾಗ ನಮಗೆ ದೊರೆತದ್ದು ಸಾಮಾನ್ಯ ಲೋಡ್ ಮತ್ತು ಸ್ಟೋರ್ ಆದೇಶಗಳಿಂದಲೇ ಮುಟ್ಟಬಹುದಾದ, ವಿದ್ಯುತ್ ಹೋದರೂ ಅಳಿಯದ ಮೆಮೊರಿ. ಆದರೆ ಪ್ರೊಸೆಸರ್ ಮತ್ತು ಆ ಮೆಮೊರಿಯ ನಡುವೆ ಕ್ಯಾಶ್ ಎಂಬ ವೇಗದ ತಾತ್ಕಾಲಿಕ ಸಂಗ್ರಹವಿದೆ. ಬರೆದದ್ದು 64 ಬೈಟಿನ ಕ್ಯಾಶ್ ಲೈನ್‌ನಲ್ಲಿ ಕುಳಿತಿರುತ್ತದೆ. ಸಿಎಲ್‌ಡಬ್ಲ್ಯೂಬಿಯಂಥ ಫ್ಲಶ್ ಆದೇಶ ಕೊಟ್ಟು, ನಂತರ ಅದು ಮುಗಿಯುವವರೆಗೆ ಮುಂದಿನ ಬರಹಗಳನ್ನು ತಡೆಯುವ ಎಸ್‌ಫೆನ್ಸ್ (ಫೆನ್ಸ್) ಹಾಕಿದರೆ ಮಾತ್ರ ಅದು ಸುರಕ್ಷಿತ ವಲಯವನ್ನು ತಲುಪಿತೆಂದು ನೆಚ್ಚಬಹುದು. ಇದಕ್ಕಿಂತ ಕಷ್ಟದ ಸಂಗತಿಯೆಂದರೆ, ನಾವು ಕೇಳದಿದ್ದರೂ ಕ್ಯಾಶ್ ತನಗೆ ಬೇಕಾದಾಗ ಯಾವ ಲೈನನ್ನಾದರೂ ಹೊರಗೆ ತಳ್ಳಬಹುದು. ಅರ್ಧದಲ್ಲಿ ಹರಿಯದೆ ಒಟ್ಟಾಗಿ ಬೀಳುವ ಖಾತರಿಯಿರುವುದು ಎಂಟು ಬೈಟಿನ ಬರಹಕ್ಕೆ ಮಾತ್ರ.

ನನ್ನ ಮೊದಲ ಲೀಫ್ ನೋಡ್ (ಮರದ ಕೆಳತುದಿಯಲ್ಲಿ ದಾಖಲೆಗಳನ್ನು ಇಟ್ಟುಕೊಳ್ಳುವ ತುಂಡು) 256 ಬೈಟಿನದು. ಆಪ್ಟೇನ್ ಒಳಗೊಳಗೆ ಓದಿ ಬರೆಯುವ ಅಳತೆಯೂ ಅಷ್ಟೇ ಆಗಿದ್ದರಿಂದ ಆ ಗಾತ್ರವನ್ನು ಆರಿಸಿಕೊಂಡೆ. ಯಾವ ಜಾಗ ತುಂಬಿದೆಯೆಂದು ಹೇಳುವ ಎಂಟು ಬೈಟಿನ ಬಿಟ್‌ಮ್ಯಾಪ್, ಮುಂದಿನ ಲೀಫ್‌ನ ಎಂಟು ಬೈಟಿನ ಆಫ್‌ಸೆಟ್ (ಫೈಲ್‌ನ ಆರಂಭದಿಂದ ಇರುವ ದೂರ), ಕೀಗಳನ್ನು ಬೇಗ ಹೋಲಿಸಲು ತಲಾ ಒಂದು ಬೈಟಿನ 14 ಫಿಂಗರ್‌ಪ್ರಿಂಟ್, ಕೊನೆಯಲ್ಲಿ ತಲಾ 16 ಬೈಟಿನ 14 ದಾಖಲೆ. ಫೈಲ್ ಪ್ರತಿ ಬಾರಿಯೂ ಅದೇ ವಿಳಾಸಕ್ಕೆ ಮ್ಯಾಪ್ ಆಗುತ್ತದೆಂಬ ಭರವಸೆಯಿಲ್ಲದ ಕಾರಣ ಪಾಯಿಂಟರ್ ಬದಲು ಆಫ್‌ಸೆಟ್ ಬಳಸಿದೆ. 2016ರ ಎಫ್‌ಪಿಟ್ರೀ ಎಂಬ ಸಂಶೋಧನಾ ಇಂಡೆಕ್ಸ್ ತೋರಿಸಿಕೊಟ್ಟಂತೆ ಲೀಫ್‌ನೊಳಗೆ ಕೀಗಳನ್ನು ವಿಂಗಡಿಸದೆ ಇಟ್ಟೆ. ಲೀಫ್‌ಗಳಿಗೆ ದಾರಿ ತೋರುವ ಒಳಗಿನ ನೋಡ್‌ಗಳನ್ನೆಲ್ಲ ಡಿರ್ಯಾಮ್‌ನಲ್ಲಿ (ವಿದ್ಯುತ್ ಹೋದರೆ ಅಳಿಯುವ ಸಾಮಾನ್ಯ ಮೆಮೊರಿ) ಇಟ್ಟು, ರೀಸ್ಟಾರ್ಟ್ ಆದಾಗ ಲೀಫ್‌ಗಳ ಸರಪಳಿಯನ್ನು ನಡೆದು ಅವನ್ನು ಹೊಸದಾಗಿ ಕಟ್ಟುತ್ತಿದ್ದೆ. ಹೊಸ ಕೀ ಸೇರಿಸುವುದು ಸರಳವಾಗಿತ್ತು: ಖಾಲಿ ಜಾಗದಲ್ಲಿ ದಾಖಲೆ ಬರೆದು ಫ್ಲಶ್ ಮತ್ತು ಫೆನ್ಸ್, ಆಮೇಲೆ ಬಿಟ್‌ಮ್ಯಾಪ್‌ನಲ್ಲಿ ಒಂದು ಬಿಟ್ ಎತ್ತಿ (ಸೊನ್ನೆಯಿಂದ ಒಂದು ಮಾಡಿ) ಮತ್ತೆ ಫ್ಲಶ್ ಮತ್ತು ಫೆನ್ಸ್. ಬಿಟ್ ಏಳುವ ತನಕ ಆ ಜಾಗದಲ್ಲಿ ಏನಿದ್ದರೂ ಅದು ಲೆಕ್ಕಕ್ಕಿಲ್ಲ.

ತೊಡಕು ಬಂದದ್ದು ಲೀಫ್ ತುಂಬಿ ಒಡೆಯುವಾಗ. ಅತಿ ದೊಡ್ಡ ಏಳು ಕೀಗಳನ್ನು ಹೊಸ ಲೀಫ್‌ಗೆ ನಕಲು ಮಾಡಿ ಫ್ಲಶ್ ಮಾಡುತ್ತಿದ್ದೆ, ನಂತರ ಹಳೆಯ ಲೀಫ್‌ನ ಮುಂದಿನ ಆಫ್‌ಸೆಟ್ ಬದಲಿಸುತ್ತಿದ್ದೆ, ಕೊನೆಗೆ ಹಳೆಯ ಬಿಟ್‌ಮ್ಯಾಪ್‌ನಿಂದ ಆ ಏಳು ಬಿಟ್‌ಗಳನ್ನು ಇಳಿಸುತ್ತಿದ್ದೆ. ಕೊನೆಯ ಎರಡು ಹೆಜ್ಜೆಗಳ ನಡುವೆ ವಿದ್ಯುತ್ ಹೋದರೆ ಏಳು ಕೀಗಳು ಎರಡೂ ಕಡೆ ಉಳಿಯುತ್ತವೆಂಬುದು ನನಗೆ ಗೊತ್ತಿತ್ತು. ಹುಡುಕಾಟ ಹೇಗೂ ಬಲಗಡೆಯ ಹೊಸ ಲೀಫ್‌ಗೇ ಹೋಗುತ್ತದೆ, ಎಡಗಡೆಯ ನಕಲಿನಿಂದ ಹಾನಿಯಿಲ್ಲ ಎಂದು ನಂಬಿದ್ದೆ. ಬಲಗಡೆಯ ಅತಿ ಚಿಕ್ಕ ಕೀ 41 ಎಂದಿಟ್ಟುಕೊಳ್ಳಿ, ಅದರ ನಂತರದ್ದು 47. ಕ್ರ್ಯಾಶ್ ಆಗಿ ಚೇತರಿಸಿಕೊಂಡ ಮೇಲೆ ಯಾರೋ 41ನ್ನು ಅಳಿಸುತ್ತಾರೆ. ಬಲಗಡೆಯ ಬಿಟ್ ಇಳಿಯುತ್ತದೆ. ಮುಂದಿನ ರೀಸ್ಟಾರ್ಟ್‌ನಲ್ಲಿ ಒಳಗಿನ ನೋಡ್‌ಗಳನ್ನು ಮತ್ತೆ ಕಟ್ಟುವಾಗ ಬಲಗಡೆಯ ಗಡಿ 47 ಆಗುತ್ತದೆ. ಆಗ 41ರ ಹುಡುಕಾಟ ಎಡಗಡೆಗೆ ಹೋಗಿ, ಅಲ್ಲಿ ಉಳಿದಿದ್ದ ಹಳೆಯ ನಕಲನ್ನು ನಿಜವೆಂದು ಹಿಂತಿರುಗಿಸುತ್ತದೆ.

ಮೆಮೊರಿಯ ಎರಡು ಪದಗಳು (ಎಂಟು ಬೈಟಿನ ಘಟಕಗಳು) ಒಟ್ಟಿಗೆ ಬದಲಾಗಬೇಕಾದಲ್ಲಿ ಎಷ್ಟು ಫ್ಲಶ್ ಹಾಕಿದರೂ ಅವುಗಳ ನಡುವಿನ ಬಿರುಕು ಮುಚ್ಚುವುದಿಲ್ಲ. ಮಾಡಲಿರುವ ಬದಲಾವಣೆಯನ್ನು ಮೊದಲೇ ಒಂದು ಲಾಗ್‌ನಲ್ಲಿ ಬರೆದಿಡಬಹುದಿತ್ತು, ಆದರೆ ಅದು ಪ್ರತಿ ವಿಭಜನೆಗೂ ಇನ್ನಷ್ಟು ಬರಹ ಮತ್ತು ಫೆನ್ಸ್‌ಗಳನ್ನು ಸೇರಿಸುತ್ತಿತ್ತು. 2020ರ ಎಲ್‌ಬಿ ಪ್ಲಸ್ ಟ್ರೀ ಎಂಬ ಮತ್ತೊಂದು ಸಂಶೋಧನಾ ಇಂಡೆಕ್ಸ್‌ನಲ್ಲಿರುವ ಉಪಾಯವನ್ನು ನನ್ನ ವಿನ್ಯಾಸಕ್ಕೆ ಹೊಂದಿಸಿಕೊಂಡೆ: ಲೀಫ್‌ನಲ್ಲಿ ಮುಂದಿನ ಆಫ್‌ಸೆಟ್‌ಗೆ ಎರಡು ಜಾಗ, ಅವುಗಳಲ್ಲಿ ಯಾವುದು ಸದ್ಯದ್ದು ಎಂದು ಹೇಳುವ ಒಂದು ಬಿಟ್, ಆ ಬಿಟ್ ಬಿಟ್‌ಮ್ಯಾಪ್ ಇರುವ ಎಂಟು ಬೈಟಿನ ಪದದಲ್ಲಿಯೇ. ಇದಕ್ಕಾಗಿ ಒಂದು ದಾಖಲೆಯ ಜಾಗ ಬಿಟ್ಟುಕೊಟ್ಟೆ. 14ರ ಬದಲು 13. ಈಗ ಬಳಕೆಯಲ್ಲಿಲ್ಲದ ಜಾಗದಲ್ಲಿ ಹೊಸ ಲೀಫ್‌ನ ಆಫ್‌ಸೆಟ್ ಬರೆದು, ಬಿಟ್‌ಗಳನ್ನು ಇಳಿಸುವುದು ಮತ್ತು ಸರಪಳಿ ತಿರುಗಿಸುವುದು ಎರಡನ್ನೂ ಒಂದೇ ಸ್ಟೋರ್‌ನಲ್ಲಿ ಮುಗಿಸುತ್ತೇನೆ. ದಾಖಲೆಗಳಿಗಿಂತ ಮುಂಚಿನ ಭಾಗವಾದ ಹೆಡರ್ 48 ಬೈಟಿಗೆ ಬೆಳೆದಾಗ ಮೊದಲ ದಾಖಲೆಯೂ ಸೇರಿ ಸರಿಯಾಗಿ ಒಂದು ಕ್ಯಾಶ್ ಲೈನ್ ಆಯಿತು. ಎಕ್ಸ್86 ಪ್ರೊಸೆಸರ್‌ಗಳಲ್ಲಿ ಒಂದೇ ಲೈನ್‌ಗೆ ಹೋದ ಬರಹಗಳು ಬರೆದ ಕ್ರಮದಲ್ಲಿಯೇ ಉಳಿಯುವುದರಿಂದ, ಕಂಪೈಲರ್ ಅವನ್ನು ಅದಲುಬದಲು ಮಾಡದಂತೆ ನೋಡಿಕೊಂಡರೆ, ಮೊದಲ ಜಾಗಕ್ಕೆ ಸೇರುವ ಕೀಗೆ ಒಂದೇ ಫ್ಲಶ್ ಸಾಕು.

ಇಷ್ಟು ದಿನ ಈ ದೋಷ ಏಕೆ ಅಡಗಿತ್ತೆಂದರೆ, ನನ್ನ ಪರೀಕ್ಷೆ ಪ್ರಕ್ರಿಯೆಯನ್ನು (ಓಡುತ್ತಿರುವ ಪ್ರೋಗ್ರಾಮನ್ನು) ಒಮ್ಮೆ ಬಲವಂತವಾಗಿ ಕೊಂದು ಮತ್ತೆ ಏಳಿಸುವುದಷ್ಟೇ ಆಗಿತ್ತು. ಅಲ್ಲದೆ, ಪ್ರಕ್ರಿಯೆ ಸತ್ತರೂ ಕ್ಯಾಶ್‌ನಲ್ಲಿದ್ದದ್ದು ಕಳೆದುಹೋಗುವುದಿಲ್ಲ. ಆದ್ದರಿಂದ ಮರೆತ ಫ್ಲಶ್ ಅಂಥ ಪರೀಕ್ಷೆಯಲ್ಲಿ ಕಾಣಿಸಿಕೊಳ್ಳುವುದೇ ಇಲ್ಲ. ಪಿಎಂಇಎಂಚೆಕ್ ಉಪಕರಣ ಅಂಥ ಫ್ಲಶ್‌ಗಳನ್ನು ಹಿಡಿದುಕೊಡುತ್ತದೆ, ಆದರೆ ವಿನ್ಯಾಸದ ತಪ್ಪು ಅದಕ್ಕೆ ತಿಳಿಯದು. ಕೊನೆಗೆ ಪ್ರತಿಯೊಂದು ಸ್ಟೋರ್, ಫ್ಲಶ್ ಮತ್ತು ಫೆನ್ಸ್ ಅನ್ನು ದಾಖಲಿಸಿ, ಪ್ರತಿ ಫೆನ್ಸ್‌ನ ಬಳಿ ಇನ್ನೂ ಖಾತರಿಯಾಗದ ಲೈನ್‌ಗಳಲ್ಲಿ ಯಾವುವು ಉಳಿದಿರಬಹುದು, ಯಾವುವು ಹೋಗಿರಬಹುದು ಎಂಬ ಎಲ್ಲ ಸಂಯೋಜನೆಗಳ ಮೆಮೊರಿ ಚಿತ್ರಗಳನ್ನು ಕಟ್ಟುವ ಪರೀಕ್ಷಕವನ್ನು ಬರೆದೆ. ಒಂದೊಂದು ಲೈನ್‌ನೊಳಗೂ ಬರಹಗಳು ಯಾವ ಹಂತದವರೆಗೆ ಉಳಿದವೆಂಬುದನ್ನೂ ಅದು ಬದಲಿಸಿ ನೋಡುತ್ತದೆ. ಪ್ರತಿ ಚಿತ್ರದಿಂದ ಚೇತರಿಸಿ, ಕೆಲವು ಕೀ ಅಳಿಸಿ, ಮತ್ತೊಮ್ಮೆ ಕ್ರ್ಯಾಶ್ ಮಾಡಿಸುತ್ತೇನೆ. 41ರಂಥ ಕೀಗಳು ಸಿಕ್ಕಿಬೀಳುವುದು ಈ ಎರಡನೆಯ ಕ್ರ್ಯಾಶ್‌ನಲ್ಲಿಯೇ.

ಒಂದೇ ಲೀಫನ್ನು ಇಬ್ಬರು ಒಟ್ಟಿಗೆ ಬದಲಿಸದಂತೆ ತಡೆಯುವ ಲಾಕ್‌ಗಳನ್ನು ಪರ್ಸಿಸ್ಟೆಂಟ್ ಮೆಮೊರಿಯಲ್ಲಿ ಇಡಲಿಲ್ಲ. ಇಟ್ಟರೆ ಕ್ರ್ಯಾಶ್ ನಂತರ ಬಿಡಿಸುವವರಿಲ್ಲದೆ ಉಳಿಯುತ್ತವೆ. ಲೀಫ್ ಬದಲಾಯಿತೆಂದು ಓದುವವರಿಗೆ ತಿಳಿಸುವ ವರ್ಷನ್ ಸಂಖ್ಯೆಯೂ ಡಿರ್ಯಾಮ್‌ನಲ್ಲಿಯೇ ಇದೆ ಮತ್ತು ಕೊನೆಯ ಫೆನ್ಸ್ ಮುಗಿದ ಮೇಲಷ್ಟೇ ಮುಂದಕ್ಕೆ ಹೋಗುತ್ತದೆ. ಹೀಗಾಗಿ ಇನ್ನೂ ಖಾತರಿಯಾಗದ ಕೀಯನ್ನು ಓದಿ, ಅದರ ಆಧಾರದ ಮೇಲೆ ಮತ್ತೊಂದನ್ನು ಬರೆದುಬಿಡುವ ಅಪಾಯ ಓದುವ ಥ್ರೆಡ್‌ಗೆ ಇರುವುದಿಲ್ಲ. ಸರಪಳಿಗೆ ಸೇರುವ ಮೊದಲೇ ಕ್ರ್ಯಾಶ್‌ಗೆ ಸಿಕ್ಕ ಹೊಸ ಲೀಫ್ ಸೋರಿಹೋಗುವ ಚಿಂತೆಯೂ ಇಲ್ಲ. ಚೇತರಿಕೆಯ ನಡಿಗೆಯಲ್ಲಿ ಕಾಣದ ಪ್ರತಿಯೊಂದು ಲೀಫ್ ಖಾಲಿ ಪಟ್ಟಿಗೆ ಸೇರುತ್ತದೆ.

ಕ್ಯಾಶ್ ಕೂಡ ವಿದ್ಯುತ್ ನಷ್ಟದಿಂದ ರಕ್ಷಿತವಾಗಿರುವ ಇಎಡಿಆರ್ ಯಂತ್ರಗಳಲ್ಲಿ ಫ್ಲಶ್‌ಗಳನ್ನೆಲ್ಲ ತೆಗೆಯಬಹುದು. ಆದರೂ 41ರ ದೋಷ ಅಲ್ಲಿಯೂ ಹಾಗೆಯೇ ಇರುತ್ತಿತ್ತು, ಏಕೆಂದರೆ ಎರಡು ಸ್ಟೋರ್‌ಗಳ ನಡುವೆ ವಿದ್ಯುತ್ ಅಲ್ಲಿಯೂ ಹೋಗಬಹುದು.

ಹೊಸ ವಿನ್ಯಾಸದಿಂದ ನಾನು ನಿರೀಕ್ಷಿಸದೆ ದೊರೆತದ್ದು ಲೀಫ್‌ಗಳ ವಿಲೀನ. ಬಲಗಡೆಯ ದಾಖಲೆಗಳನ್ನು ಎಡಗಡೆಯ ಖಾಲಿ ಜಾಗಗಳಿಗೆ ನಕಲು ಮಾಡಿ ಫ್ಲಶ್ ಮತ್ತು ಫೆನ್ಸ್ ಮುಗಿಸಿ, ಬಲಗಡೆಯದರ ಮುಂದಿನ ಆಫ್‌ಸೆಟ್ ಅನ್ನು ಎಡಗಡೆಯ ಬಿಡುವಿನ ಜಾಗದಲ್ಲಿ ಬರೆದರೆ, ಉಳಿದದ್ದು ಅದೇ ಎಂಟು ಬೈಟಿನ ಸ್ಟೋರ್: ಬಿಟ್‌ಗಳು ಏಳುತ್ತವೆ, ಸರಪಳಿ ಬಲಗಡೆಯ ಲೀಫನ್ನು ದಾಟಿಹೋಗುತ್ತದೆ. ಅದಕ್ಕಾಗಿ ಚೇತರಿಕೆಯ ಕೋಡಿನಲ್ಲಿ ನಾನು ಒಂದು ಸಾಲನ್ನೂ ಸೇರಿಸಬೇಕಾಗಲಿಲ್ಲ.